ಗವರ್ನರನಿಗೆ ಅರ್ಥ ಬರೆದುಕೊಟ್ಟದ್ದು

ತಾಳಮದ್ದಳೆಯಲ್ಲಿ ಅಮೆರಿಕದ ಗವರ್ನರನೊಬ್ಬನನ್ನು ಕೂರಿಸಬೇಕಾಗಿ ಬಂದದ್ದು ನಮ್ಮ ಡೀನ್ ಅವರಿಂದ. ಪಾಪ, ತಾಳಮದ್ದಳೆ ಎಂದರೇನೆಂದು ಅವರಿಗೆ ಗೊತ್ತಿರಲಿಲ್ಲ. ಮಲೇಷ್ಯಾದ ನಿಲಾಯ್‌ನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ನಾನು ಮೊದಲ ವರ್ಷದವರಿಗೆ ಕಾನೂನಿನ ಇತಿಹಾಸ ಹೇಳುತ್ತೇನೆ. ಅದರಲ್ಲಿ ಒಬ್ಬ ವಲಸಿಗ ವಕೀಲನ ಬದುಕು ಒಂದು ಪಾಠ. ಐರ್ಲೆಂಡಿನಿಂದ ಹಡಗಿನಲ್ಲಿ ಬಂದವನು; ಹಿರಿಯ ವಕೀಲರ ಕಚೇರಿಯಲ್ಲಿ ದಸ್ತಾವೇಜು ನಕಲು ಮಾಡುತ್ತ ಕಾನೂನು ಕಲಿತವನು; ಇಂಗ್ಲೆಂಡಿನ ರಾಜನ ವಿರುದ್ಧ ಯುದ್ಧವಾದಾಗ ಹೊಸ ದೇಶದ ಕಡೆ ನಿಂತವನು; ದೇಶ ಹುಟ್ಟಿದ ಹೊಸತರಲ್ಲೇ ಒಂದು ರಾಜ್ಯಕ್ಕೆ ಗವರ್ನರ್ ಆದವನು. ವಿಭಾಗದ ಸಾಂಸ್ಕೃತಿಕ ಸಂಜೆ ಹತ್ತಿರ ಬಂದಾಗ ಡೀನ್ ನನ್ನನ್ನು ಕರೆಸಿ, “ಆ ಪಾಠವನ್ನೇ ನಿಮ್ಮೂರಿನ ಯಾವುದಾದರೂ ಕಲೆಯಲ್ಲಿ ಮಾಡಿಬಿಡಿ ಲಾ” ಎಂದರು, ಇಲ್ಲಿಯವರು ಮಾತಿನ ಕೊನೆಗೆ ಸೇರಿಸುವ ‘ಲಾ’ ಸಮೇತ. ಅವರ ಮನಸ್ಸಿನಲ್ಲಿದ್ದದ್ದು ಕುಣಿತ.

“ನಮ್ಮಲ್ಲಿ ಕೂತು ಮಾತಾಡುವುದೊಂದು ಕಲೆ ಇದೆ” ಎಂದೆ.

“ಕೂತು ಮಾತಾಡುವುದಾ? ಅದಕ್ಕೆ ಸೆಮಿನಾರ್ ಅನ್ನುವುದಲ್ಲವಾ?”

“ಸೆಮಿನಾರೇ. ಆದರೆ ಮದ್ದಳೆ ಇರುತ್ತದೆ.”

ಅವರು ನಕ್ಕು ಒಪ್ಪಿದರು. ಒಂದೇ ಷರತ್ತು ಹಾಕಿದರು: ಕನ್ನಡ ಬಾರದ ಮಕ್ಕಳಿಗಾಗಿ ಇಂಗ್ಲಿಷ್ ಅನುವಾದ ಹಿಂದಿನ ಪರದೆಯ ಮೇಲೆ ಬರುತ್ತಿರಬೇಕು. ಆ ಷರತ್ತು ನನಗೆ ಆಗ ದೊಡ್ಡದೆನಿಸಲಿಲ್ಲ.

ತಾಳಮದ್ದಳೆ ಗೊತ್ತಿಲ್ಲದವರಿಗೆ ಎರಡು ಮಾತು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಕಥೆಯ ಪದ್ಯ ಹಾಡುತ್ತಾರೆ. ಅರ್ಥಧಾರಿಗಳು ಎದುರುಬದುರು ಕೂತು, ಆಯಾ ಪಾತ್ರವೇ ತಾವಾಗಿ, ಆ ಪದ್ಯಕ್ಕೆ ಮಾತಿನಲ್ಲಿ ಅರ್ಥ ಹೇಳುತ್ತಾರೆ, ವಾದಿಸುತ್ತಾರೆ. ಪದ್ಯ ಬರೆದಿಟ್ಟದ್ದು, ಅರ್ಥವನ್ನು ಯಾರೂ ಬರೆದಿಡುವುದಿಲ್ಲ. ಅದು ಎದುರಿನವನ ಮಾತಿನಿಂದ ಅಲ್ಲೇ ಹುಟ್ಟಬೇಕು. ನಾನು ಶಾಲೆಯಲ್ಲಿ ಕಲಿತ ಕನ್ನಡ ಸ್ವಲ್ಪವೇ. ಉಳಿದದ್ದೆಲ್ಲ ಪುತ್ತೂರಿನಲ್ಲಿ ಅಜ್ಜನ ಜೊತೆ ಕೂಟಗಳಿಗೆ ಹೋಗಿ, ಚಾಪೆಯ ಮೇಲೆ ಅರೆನಿದ್ದೆಯಲ್ಲಿ ಕಿವಿಗೆ ಬಿದ್ದದ್ದು. ಹಾಗಾಗಿ ಈ ಕೆಲಸ ಸಿಕ್ಕಿದಾಗ ಮಕ್ಕಳಿಗೆ ಹಬ್ಬದ ಬಟ್ಟೆ ಸಿಕ್ಕಿದಷ್ಟು ಖುಷಿಪಟ್ಟೆ.

ಗವರ್ನರನ ಬದುಕಿನ ಸುತ್ತ ಒಂದು ಪ್ರಸಂಗ ಕಟ್ಟಿದೆ. ರಾಜನ ಪಕ್ಷದಲ್ಲೇ ಉಳಿದವರ ಆಸ್ತಿಯನ್ನು ಹೊಸ ರಾಜ್ಯಗಳು ಮುಟ್ಟುಗೋಲು ಹಾಕಿಕೊಂಡದ್ದು ಇತಿಹಾಸ. ಹಾಗೆ ಮನೆ ಕಳೆದುಕೊಳ್ಳಲಿರುವವರಲ್ಲಿ ಗವರ್ನರನಿಗೆ ವಕೀಲಿ ಕಲಿಸಿದ ಗುರುವೂ ಒಬ್ಬ ಎಂಬುದು ನಾನು ಸೇರಿಸಿದ್ದು. ಆದೇಶಕ್ಕೆ ಶಿಷ್ಯ ರುಜು ಹಾಕಬೇಕು. ಗುರು ಬಂದು ಕೇಳುತ್ತಾನೆ: ಇಲ್ಲೇ ಹುಟ್ಟಿದ ನಾನು ಪರದೇಶಿ, ಹಡಗಿನಿಂದ ಇಳಿದ ನೀನು ಮನೆಯವನು, ಇದು ಯಾವ ನ್ಯಾಯ? ಪದ್ಯಗಳನ್ನು ಸುಬಾಂಗ್ ಜಯಾದಲ್ಲಿರುವ ನಮ್ಮ ಭಾಗವತರು ರಾಗಕ್ಕೆ ಕೂರಿಸಿದರು. ಹಗಲಿಗೆ ಸಾಫ್ಟ್‌ವೇರ್, ವಾರದ ಕೊನೆಗೆ ಭಾಗವತಿಕೆ ಅವರದ್ದು. ಝಂಪೆ ತಾಳದಲ್ಲಿ ಅವರು,

ಕಡಲ ದಾಟಿದವಂಗೆ ದಡವೆಲ್ಲಿ ಗುರುವೆ
ಬಿಡದೆ ಕಲಿಸಿದ ವಿದ್ಯೆ ಬಿಡಿಸಿತೇ ಮನೆಯ

ಎಂದು ಎತ್ತಿದರೆ ಬರೆದ ನನಗೇ ಮೈ ಜುಮ್ಮೆನ್ನುತ್ತಿತ್ತು.

ಗುರುವಿನ ಅರ್ಥ ನಾನೇ ಹೇಳುವುದೆಂದಾಯಿತು. ಗವರ್ನರ್ ಯಾರು? ಭಾಗವತರೇ ನೆನಪಿಸಿದರು: “ಮೇಡಂ, ಮೆಲಾಕಾದಲ್ಲಿ ಡಾಕ್ಟರ್ ಒಬ್ರು ಇದ್ದಾರಲ್ಲ, ಮೆಡಿಕಲ್ ಕಾಲೇಜಲ್ಲಿ ಪಾಠ ಮಾಡೋರು? ಅವರ ತಂದೆ ಬಂದಿದ್ದಾರೆ. ಕುಂದಾಪುರದ ಕಡೆ ಜೀವನವಿಡೀ ವಕೀಲಿ ಮಾಡಿದವರು. ಅದರ ಜೊತೆ ಒಳ್ಳೆ ಅರ್ಥಧಾರಿ ಅಂತೆ.”

ವಕೀಲರನ್ನು ಅವರ ಡಾಕ್ಟರ್ ಮಗಳು ಒಂದು ಶನಿವಾರ ಕಾರಿನಲ್ಲಿ ಕರೆದುಕೊಂಡು ಬಂದಳು. ತೆಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ. ನಮ್ಮ ತರಗತಿ ಕೋಣೆಯನ್ನು ಸುತ್ತ ನೋಡಿ, “ಇಲ್ಲಿ ಕಟಕಟೆ ಎಲ್ಲಿ?” ಎಂದರು. ನಾನು ಪ್ರಸಂಗ ವಿವರಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

“ರುಜು ಹಾಕ್ತಾನಾ, ಇಲ್ವಾ?”

“ಕೊನೆಗೆ ಹಾಕ್ತಾನೆ. ಪದ್ಯದಲ್ಲಿ ಹಾಗುಂಟು.”

“ಹಾಕ್ಲಿ. ಆದ್ರೆ ಸುಲಭಕ್ಕೆ ಹಾಕಿಸ್ಬೇಡಿ ಟೀಚರೇ. ನೀವು ಗುರು. ನನ್ನನ್ನು ಸರೀ ಹಿಂಡ್ಬೇಕು.”

ಆ ದಿನದ ಅಭ್ಯಾಸ ನನ್ನ ಕಿವಿಯಲ್ಲಿ ಇನ್ನೂ ಹಾಗೇ ಇದೆ. ನಾನು ಹಿಂಡಲೆಂದು ಕೇಳಿದೆ, “ಹಡಗಿನಿಂದ ಇಳಿದ ದಿನ ನಿನ್ನ ಕೈಯಲ್ಲಿ ಏನಿತ್ತು ಹೇಳು.” ಆಮೇಲೆ ಅವರ ದನಿಯೇ ಬದಲಾಯಿತು.

“ಏನೂ ಇರಲಿಲ್ಲ ಗುರುಗಳೇ. ಬರಿಯ ಕೈ ಇತ್ತು. ಆ ಕೈಗೆ ಲೇಖನಿ ಕೊಟ್ಟವರು ನೀವು. ಇಂದು ಅದೇ ಲೇಖನಿಯಿಂದ ರುಜು ಹಾಕು ಎಂದು ರಾಜ್ಯ ಕೇಳುತ್ತಿದೆ. ಹಾಕದಿದ್ದರೆ ನೀವು ಕಲಿಸಿದ ಕಾನೂನು ಸುಳ್ಳಾಗುತ್ತದೆ. ಹಾಕಿದರೆ ನೀವು ಸಾಕಿದ ಹುಡುಗ ಸುಳ್ಳಾಗುತ್ತಾನೆ. ಎರಡರಲ್ಲಿ ಯಾವುದು ಉಳಿಯಬೇಕು? ಅಪ್ಪಣೆಯಾಗಲಿ.”

ಎದುರು ಅರ್ಥದವಳು ಸೋತು ಕೂತದ್ದು ನೋಡಿ ಭಾಗವತರು ಪದ್ಯ ಎತ್ತಿ ನನ್ನನ್ನು ಬಚಾವು ಮಾಡಿದರು. ಮದ್ದಳೆ ಬಾರಿಸುತ್ತಿದ್ದ ವಿದ್ಯಾರ್ಥಿ ಬಾಯಿ ಬಿಟ್ಟುಕೊಂಡು ಕೂತಿದ್ದ. ಪುಣ್ಯಕ್ಕೆ ಅದೆಲ್ಲವೂ ನನ್ನ ಫೋನಿನಲ್ಲಿ ರೆಕಾರ್ಡ್ ಆಗಿತ್ತು. ಪುಣ್ಯಕ್ಕೆ ಎಂದು ಆಗ ಅಂದುಕೊಂಡೆ.

ಅಭ್ಯಾಸ ಮುಗಿದ ಮೇಲೆ ಎಲ್ಲರೂ ಎದುರಿನ ಮಾಮಕ್, ಅಂದರೆ ತಮಿಳು ಮುಸ್ಲಿಮರ ಹೋಟೆಲಿಗೆ ಹೋದೆವು. ವಕೀಲರು ಚಹಾ ಕುಡಿದು, ಕೈ ತೊಳೆಯಲು ಎದ್ದು, ಅಲ್ಲೇ ಬಹಳ ಹೊತ್ತು ನಿಂತರು. ನಾವು ಯಾವ ಮೇಜಿನಲ್ಲಿ ಕೂತಿದ್ದೇವೆಂದು ಅವರಿಗೆ ಗೊತ್ತಾಗುತ್ತಿರಲಿಲ್ಲ. ಮಗಳು ಹೋಗಿ ಕೈ ಹಿಡಿದು ತಂದಳು. ಅವರನ್ನು ಕಾರಿನಲ್ಲಿ ಕೂರಿಸಿ ಬಂದು ನನ್ನ ಹತ್ತಿರ ಮೆಲ್ಲಗೆ ಹೇಳಿದಳು.

“ಅಕ್ಕ, ಅಪ್ಪನಿಗೆ ಮರೆವು ಶುರುವಾಗಿದೆ. ಬೆಳಿಗ್ಗೆ ತಿಂಡಿ ತಿಂದದ್ದು ನೆನಪಿರುವುದಿಲ್ಲ. ಮನೆಯ ಬಾಗಿಲು ಯಾವುದು ಅಂತ ಕೇಳ್ತಾರೆ. ಆದರೆ ಇವತ್ತು ನೋಡಿದ್ರಲ್ಲ? ಮಾತಿಗೆ ಮಾತು ಕೊಡುವುದಕ್ಕೆ ಏನೂ ಆಗಿಲ್ಲ. ಅದೂ ಎಷ್ಟು ದಿನವೋ, ಡಾಕ್ಟರ್ ಆದ ನನ್ನನ್ನು ಕೇಳಬೇಡಿ. ಸಭೆಯಲ್ಲಿ ಒಂದ್ಸಲ ಕೂತು ಅರ್ಥ ಹೇಳಿಬಿಡ್ಲಿ ಅಂತ ಆಸೆ. ಅವರಿಗೂ ಅಷ್ಟೇ.”

ಹೌದು, ಅವರಿಗೂ ಗೊತ್ತಿತ್ತು. ಮುಂದಿನ ವಾರ ಅವರೇ ಹೇಳಿದರು, “ಒಂದು ಒಳ್ಳೆ ಕೂಟ ಆಗ್ಲಿ ಟೀಚರೇ. ಮತ್ತೆ ಸಾಕು. ತಲೆಯೊಳಗೆ ಕರೆಂಟು ಹೋಗಿ ಬಂದು ಮಾಡ್ತಾ ಉಂಟು.” ನಗುತ್ತಲೇ ಹೇಳಿದರು. ನಾನೂ ನಕ್ಕೆ. ಈ ಮುದುಕರಿಗೆ ಒಂದು ಒಳ್ಳೆ ಕೂಟ ಮಾಡಿಸಿಯೇ ಸೈ ಎಂದು ಅಲ್ಲೇ ಮನಸ್ಸಿನಲ್ಲಿ ನಿಶ್ಚಯಿಸಿದೆ.

ತೊಂದರೆ ಶುರುವಾದದ್ದು ಪರದೆಯಿಂದ. ಅನುವಾದ ಮಾಡಿ ಸ್ಲೈಡ್ ಒತ್ತುವ ಕೆಲಸ ಮಗಳು ವಹಿಸಿಕೊಂಡಿದ್ದಳು. ಅಪ್ಪನ ಮಾತು ಅವಳಷ್ಟು ಹಿಡಿಯುವವರು ಬೇರೆ ಯಾರೂ ಇರಲಿಲ್ಲ. ರೆಕಾರ್ಡಿಂಗ್ ಕೇಳಿ ಚೆಂದವಾಗಿ ಇಂಗ್ಲಿಷಿಗೆ ತಂದಳು. ಎರಡನೆಯ ಅಭ್ಯಾಸಕ್ಕೆ ಸ್ಲೈಡು ಹಾಕಿದರೆ ವಕೀಲರು ಬೇರೆಯೇ ದಾರಿ ಹಿಡಿದರು. ಮೊದಲ ವಾರ ಲೇಖನಿ ಎಂದವರು ಈ ವಾರ ಗುರುವಿನ ಕಚೇರಿಯ ಬೆಂಚನ್ನು ಹಿಡಿದು ಹೊರಟರು. ಮಳೆಗಾಲದಲ್ಲಿ ಆ ಬೆಂಚಿನ ಮೇಲೆ ಮಲಗಿದ್ದು, ಗುರುಪತ್ನಿ ಕೊಟ್ಟ ಕಂಬಳಿ, ಆ ಕಂಬಳಿಯನ್ನೂ ಮುಟ್ಟುಗೋಲಿನ ಪಟ್ಟಿಗೆ ಸೇರಿಸಬೇಕೇ ಎಂಬ ಪ್ರಶ್ನೆ. ಅದ್ಭುತವಾಗಿತ್ತು. ಪರದೆಯ ಮೇಲೆ ಮಾತ್ರ ಲೇಖನಿಯೇ ನಿಂತಿತ್ತು.

“ಅಪ್ಪಾ, ಹೋದ ವಾರ ಹೇಳಿದ್ದನ್ನೇ ಹೇಳಿ!” ಎಂದಳು ಮಗಳು ಕಂಪ್ಯೂಟರಿನ ಹಿಂದಿನಿಂದ.

“ಅದನ್ನು ಹೋದ ವಾರ ಹೇಳಿ ಆಯ್ತಲ್ಲ ಮಗಾ.”

ಮೂರನೆಯ ಸಲ ಇನ್ನೊಂದು ದಾರಿ. ನಾನೂ ಏನು ಕಡಿಮೆ, ಅವರ ಮಾತಿನ ರುಚಿಗೆ ಬಿದ್ದು ಹೊಸ ಪ್ರಶ್ನೆ ಎಸೆಯುತ್ತಿದ್ದೆ. ಸ್ಲೈಡು ಹಿಂದೆ, ಮುಂದೆ, ಮತ್ತೆ ಹಿಂದೆ. ಅಷ್ಟರಲ್ಲಿ ಡೀನ್ ಒಮ್ಮೆ ಬಾಗಿಲಲ್ಲಿ ನಿಂತು ನೋಡಿದರು. “ಪರದೆಯಲ್ಲಿ ಎರಡು ಸಾಲು, ಇವರು ಹತ್ತು ನಿಮಿಷ ಮಾತಾಡ್ತಾರೆ. ಮಕ್ಕಳು ಫೋನ್ ತೆಗೀತಾರೆ ಲಾ. ಇಂಗ್ಲಿಷ್ ಪಠ್ಯ ಪೂರ್ತಿ ನನಗೆ ಮೊದಲೇ ಕಳಿಸಿ” ಎಂದು ಹೋದರು.

ಆ ಸಂಜೆ ಭಾಗವತರು ಒಂದು ಉಪಾಯ ಹೇಳಿದರು. “ಸಿಂಪಲ್ ಮೇಡಂ. ಪದ್ಯಕ್ಕೊಂದು ಸಾರಾಂಶ ಸ್ಲೈಡ್ ಹಾಕೋಣ. ಗುರು ಇದನ್ನು ಕೇಳ್ತಾನೆ, ಶಿಷ್ಯ ಇದನ್ನು ಹೇಳ್ತಾನೆ, ಅಷ್ಟೇ. ಮಿಕ್ಕಿದ್ದು ಅವರ ಪಾಡಿಗೆ ಹೇಳ್ಕೊಳ್ಲಿ. ಅರ್ಥ ಆಗ್ದೇ ಇದ್ರೂ ಮುಖ ನೋಡ್ತಾರೆ ಜನ.”

ಆ ಮಾತು ನಾನು ಕೇಳಬೇಕಿತ್ತು. ಕೇಳಲಿಲ್ಲ. ನನ್ನೊಳಗಿನ ಮೇಷ್ಟ್ರಿಗೆ ಅದು ಸಾಕೆನಿಸಲಿಲ್ಲ. ಈ ಮನುಷ್ಯ ಇಷ್ಟು ಸೊಗಸಾಗಿ ಹೆಣೆಯುವ ವಾದ ಕನ್ನಡ ಬಾರದವರಿಗೆ ಒಂದೇ ಸಾಲಿನ ಸಾರಾಂಶವಾಗಿ ಮುಟ್ಟುವುದೇ? ಎಳೆಎಳೆಯಾಗಿ ಮುಟ್ಟಬೇಕು. ಇಡೀ ಸಭೆ ಅವರ ಒಂದೊಂದು ಮಾತಿಗೂ ತಲೆದೂಗಬೇಕು. ಜೊತೆಗೆ ಇನ್ನೊಂದು ಯೋಚನೆ, ಅದೂ ಅವರ ಮೇಲಿನ ಅಕ್ಕರೆಯಿಂದಲೇ ಹುಟ್ಟಿದ್ದು: ಮರೆವಿನ ಮನುಷ್ಯ, ಸಭೆಯಲ್ಲಿ ಮಾತು ತಪ್ಪಿದರೆ? ಬರೆದದ್ದೊಂದು ಕೈಯಲ್ಲಿದ್ದರೆ ಆಸರೆ. ಮಗಳಿಗೂ ಹೌದೆನಿಸಿತು. ಮೂರೂ ವಾರದ ರೆಕಾರ್ಡಿಂಗ್ ಕೇಳಿ, ಅವರು ಹೇಳಿದ್ದರಲ್ಲಿ ಬಹಳ ಒಳ್ಳೆಯದನ್ನೆಲ್ಲ ಆರಿಸಿ, ಜೋಡಿಸಿ, ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿದೆ. ಒಂದು ಪದವೂ ನನ್ನದಲ್ಲ. ಎಲ್ಲವೂ ಅವರದ್ದೇ. ಹಾಗಿರುವಾಗ ಕಷ್ಟವೇನು ಎಂದುಕೊಂಡೆ.

ವಕೀಲರು ಕನ್ನಡಕ ಏರಿಸಿ ಪೂರ್ತಿ ಓದಿದರು.

“ಇದು ನಾನು ಹೇಳಿದ್ದಾ?”

“ನೀವೇ ವಕೀಲ್ರೇ. ಅಕ್ಷರಕ್ಕೆ ಅಕ್ಷರ.”

“ಚಂದ ಉಂಟು.” ಹಾಳೆಗಳನ್ನು ಮಗುಚಿ ನೋಡಿ, “ಇನ್ನು ಇದನ್ನು ಎಂತ ಮಾಡ್ಬೇಕು ನಾನು?”

“ಹೀಗೇ ಹೇಳಿದ್ರಾಯ್ತು.”

ಅವರು ಹಾಳೆಗಳನ್ನು ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡರು. ಬೇಡ ಎನ್ನಲಿಲ್ಲ. ಬೇಡ ಎನ್ನುವುದಿದ್ದರೆ ಮೊದಲ ದಿನವೇ ಎನ್ನುವ ಮನುಷ್ಯ ಎಂದು ನಾನು ಭಾವಿಸಿದೆ. ಈಗ ಅನಿಸುತ್ತದೆ, ತಮ್ಮ ನೆನಪಿನ ಮೇಲೆ ಅವರಿಗೆ ಮೊದಲಿನ ಭರವಸೆ ಇದ್ದಿದ್ದರೆ ಆ ಹಾಳೆ ನನ್ನ ಮುಖಕ್ಕೆ ಎಸೆಯುತ್ತಿದ್ದರು.

ಮಗಳು ದಿನಾ ಫೋನಿನಲ್ಲಿ ಸುದ್ದಿ ಕೊಡುತ್ತಿದ್ದಳು. ಬೆಳಿಗ್ಗೆ ಬಾಲ್ಕನಿಯಲ್ಲಿ ಕೂತು ಬಾಯಿಪಾಠ ಮಾಡುತ್ತಾರೆ. ಮೊದಲ ಪುಟ ಬರುತ್ತದೆ. ಎರಡನೆಯದಕ್ಕೆ ಹೋದರೆ ಮೊದಲಿನದು ಹೋಗಿರುತ್ತದೆ. ಸಿಟ್ಟು ಬಂದು ಹಾಳೆ ಬಿಸಾಡುತ್ತಾರೆ, ಮತ್ತೆ ತಾವೇ ಹೆಕ್ಕಿಕೊಳ್ಳುತ್ತಾರೆ. “ಪರೀಕ್ಷೆಗೆ ಓದುವ ಮಗುವಿನ ಹಾಗೆ ಮಾಡ್ತಾರೆ ಅಕ್ಕ” ಎಂದಳು. ಇಬ್ಬರೂ ನಕ್ಕೆವು. ನಗಬಾರದಿತ್ತು.

ಕೂಟದ ಸಂಜೆ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಡೀನ್, ನಮ್ಮ ಉಪನ್ಯಾಸಕರು. ಹಿಂದೆ ವಿದ್ಯಾರ್ಥಿಗಳು. ಸುಬಾಂಗ್ ಜಯಾ, ಮೆಲಾಕಾ ಕಡೆಯ ಕನ್ನಡದ ಮನೆಗಳವರು ಬಲಗಡೆ ಒಟ್ಟಾಗಿ ಕೂತಿದ್ದರು. ವಕೀಲರು ಪಂಚೆ, ಶಾಲು, ಹಣೆಗೆ ಸಣ್ಣ ಕುಂಕುಮ. ವೇದಿಕೆ ಹತ್ತುವಾಗ ಮೆಟ್ಟಿಲು ಮುಟ್ಟಿ ನಮಸ್ಕಾರ ಮಾಡಿದರು. ಕೂತ ಮೇಲೆ ನನ್ನ ಕಡೆ ಬಾಗಿ, “ಟೀಚರೇ, ಜನ ಉಂಟು!” ಎಂದರು. ಆ ಮುಖದ ಬೆಳಕು ಹೇಗೆ ಹೇಳಲಿ.

ಪೀಠಿಕೆ ಚೆನ್ನಾಗಿ ಹೋಯಿತು. ಹಡಗು, ಬಂದರು, ಹಿರಿಯ ವಕೀಲರ ಕಚೇರಿ, ಯುದ್ಧ, ಗವರ್ನರ್ ಪದವಿ. ಅಷ್ಟನ್ನು ಬರೆದ ಹಾಗೆಯೇ ಹೇಳಿದರು. ಪರದೆಯ ಸಾಲುಗಳು ದನಿಯ ಜೊತೆಜೊತೆಗೆ ಸಾಗಿದವು. ಡೀನ್ ನನ್ನ ಕಡೆ ನೋಡಿ ಹೆಬ್ಬೆರಳು ತೋರಿಸಿದರು. ಆಮೇಲೆ ಭಾಗವತರು ‘ಕಡಲ ದಾಟಿದವಂಗೆ’ ಹಾಡಿ ನಿಲ್ಲಿಸಿದರು. ನಾನು ಬರೆದಿಟ್ಟ ಪ್ರಶ್ನೆಯನ್ನೇ ಕೇಳಿದೆ: “ಹಡಗಿನಿಂದ ಇಳಿದ ದಿನ ನಿನ್ನ ಕೈಯಲ್ಲಿ ಏನಿತ್ತು ಹೇಳು.”

ವಕೀಲರು ಬಾಯಿ ತೆರೆದರು. ಮಾತು ಬರಲಿಲ್ಲ.

ಮಗಳು ಅಭ್ಯಾಸಬಲದಿಂದ ಗುಂಡಿ ಒತ್ತಿಯಾಗಿತ್ತು. ಅವರ ಬೆನ್ನ ಹಿಂದೆ, ಗೋಡೆಯಗಲ, ಅವರ ಉತ್ತರ ಇಂಗ್ಲಿಷಿನಲ್ಲಿ ಮೂಡಿತು. ಏನೂ ಇರಲಿಲ್ಲ, ಬರಿಯ ಕೈ ಇತ್ತು. ಸಭೆ ಅದನ್ನು ಓದಿತು. ವಿದ್ಯಾರ್ಥಿಗಳ ಸಾಲುಗಳಿಂದ ‘ಆಹ್’ ಎಂದೊಂದು ಮೆಚ್ಚುಗೆಯ ಉಸಿರು ಬಂತು. ಯಾರೋ ಚಪ್ಪಾಳೆಯನ್ನೂ ಹೊಡೆದರು. ತಾನಿನ್ನೂ ಆಡದ ಮಾತಿಗೆ ಜನ ಯಾಕೆ ತಲೆದೂಗುತ್ತಿದ್ದಾರೆಂದು ತಿಳಿಯದೆ ವಕೀಲರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಕೊನೆಗೆ ನನ್ನ ಕಡೆ ನೋಡಿದರು.

ಆ ನೋಟ ಏನೆಂದು ನನಗೆ ಗೊತ್ತು. ಅಜ್ಜನ ಕೂಟಗಳಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಎಂಥ ದೊಡ್ಡ ಅರ್ಥಧಾರಿಗೂ ಎಳೆ ತಪ್ಪುವುದುಂಟು. ಆಗ ಅವನು ಎದುರಿನವನನ್ನು ನೋಡುತ್ತಾನೆ. ಎದುರಿನವನು ಅಡ್ಡ ಪ್ರಶ್ನೆಯೊಂದನ್ನು ಎಸೆಯುತ್ತಾನೆ, ಕೆಣಕುತ್ತಾನೆ, ಬೈದರೂ ಸರಿ. ಅದನ್ನು ಹಿಡಿದು ಇವನು ಏಳುತ್ತಾನೆ. ಸಭೆಗೆ ಗೊತ್ತೇ ಆಗುವುದಿಲ್ಲ. ‘ನನ್ನ ಬೆಂಚಿನ ಮೇಲೆ ಮಲಗಿದ್ದು ಮರೆತೆಯಾ?’ ಎಂದಿದ್ದರೂ ಸಾಕಿತ್ತು. ‘ನಾಚಿಕೆಯಿಂದ ಬಾಯಿ ಕಟ್ಟಿತೇ ಗವರ್ನರನಿಗೆ?’ ಎಂದಿದ್ದರೆ ನನ್ನನ್ನು ಹರಿದು ಹಾಕುತ್ತಿದ್ದರು.

ನನ್ನ ಕಣ್ಣು ಪರದೆಗೆ ಹೋಯಿತು. ಬೇರೆ ಪ್ರಶ್ನೆ ಕೇಳಿದರೆ ಸ್ಲೈಡು? ಮಗಳು ಎಲ್ಲಿಗೆ ಹೋಗಬೇಕು? ಡೀನ್ ಕೈಯಲ್ಲಿ ಪಠ್ಯ ಇದೆ. ಅಷ್ಟೆಲ್ಲ ಒಂದೇ ಕ್ಷಣದಲ್ಲಿ ತಲೆಗೆ ಬಂತು, ನಾನು ತರಗತಿಯಲ್ಲಿ ಮಾಡುವುದನ್ನೇ ಮಾಡಿದೆ. ಮೆಲುದನಿಯಲ್ಲಿ ಹೇಳಿಕೊಟ್ಟೆ: “ಏನೂ ಇರಲಿಲ್ಲ ಗುರುಗಳೇ. ಬರಿಯ ಕೈ ಇತ್ತು.” ಮೆಲುದನಿ ಎಂದುಕೊಂಡದ್ದು ಮೈಕಿನಲ್ಲಿ ಸಭೆಗೆಲ್ಲ ಕೇಳಿಸಿತು.

ವಕೀಲರು ನನ್ನನ್ನು ಒಂದು ಗಳಿಗೆ ದಿಟ್ಟಿಸಿದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕೈಕಟ್ಟಿ ಕೂತರು, ಶಾಲೆಯ ಹುಡುಗನ ಹಾಗೆ. “ಗುರುಗಳು ಹೇಳಿಕೊಟ್ಟದ್ದನ್ನು ಹೇಳುತ್ತೇನೆ” ಎಂದರು. ಹೇಳಿದರು. ಮುಂದಿನ ಸಾಲಿಗೆ ಮತ್ತೆ ನನ್ನ ಕಡೆ ನೋಡಿದರು. ನಾನು ಹೇಳಿಕೊಟ್ಟೆ, ಅವರು ಒಪ್ಪಿಸಿದರು. ಕೊನೆಯವರೆಗೂ ಹಾಗೆಯೇ ನಡೆಯಿತು. ರುಜು ಹಾಕುವಾಗ ಗಾಳಿಯಲ್ಲಿ ಬೆರಳಾಡಿಸಿದರು, ಭಾಗವತರು ಮಂಗಳ ಹಾಡಿದರು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಡೀನ್ ಓಡಿಬಂದು ನನ್ನ ಕೈ ಕುಲುಕಿದರು. “ಗವರ್ನರ್ ಆದವನು ಗುರುವಿನ ಮುಂದೆ ಮತ್ತೆ ಶಿಷ್ಯನಾಗಿ ಒಂದೊಂದೇ ಮಾತು ಒಪ್ಪಿಸುವುದು! ಎಂಥ ಕಲ್ಪನೆ ಲಾ! ಪಠ್ಯದಲ್ಲಿ ಇರಲೇ ಇಲ್ಲ. ಯಾರ ಯೋಚನೆ?”

ನನ್ನ ಬಾಯಿಯಿಂದ ಮಾತು ಹೊರಡುವ ಮೊದಲೇ ವಕೀಲರು ಇಂಗ್ಲಿಷಿನಲ್ಲಿ, ಕೋರ್ಟಿನ ಗತ್ತಿನಲ್ಲಿ, “ಎಲ್ಲ ಟೀಚರದ್ದೇ” ಎಂದರು. ಕೊಂಕು ಒಂದಿಷ್ಟೂ ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಕಾರು ಹತ್ತುವಾಗ ನನ್ನ ತಲೆಯ ಮೇಲೆ ಕೈಯಿಟ್ಟು, “ನೀವು ಒಳ್ಳೆ ಟೀಚರು” ಎಂದರು. ಮಗಳು ಸ್ಟಿಯರಿಂಗ್ ಹಿಡಿದು ನೇರ ಮುಂದೆ ನೋಡುತ್ತಿದ್ದಳು.

ಭಾಗವತರು ತಾಳ ಕಟ್ಟಿಡುತ್ತ, “ನಾನಾದ್ರೂ ಇನ್ನೊಂದು ಪದ್ಯ ಎತ್ತಬಹುದಿತ್ತು” ಎಂದಷ್ಟೇ ಗೊಣಗಿದರು. ಎತ್ತಬಹುದಿತ್ತು. ಅದಕ್ಕೂ ಸ್ಲೈಡು ಇರಲಿಲ್ಲ.

ಇನ್ನೊಂದು ಕೂಟ ಮಾಡೋಣ, ಪರದೆಯಿಲ್ಲದೆ, ನಿಮ್ಮ ಮನೆಯಲ್ಲೇ ಎಂದು ನಾನು ಮಗಳಿಗೆ ಮರುದಿನವೇ ಫೋನು ಮಾಡಿದೆ. ಆಗಲಿ ಎಂದಳು. ಆದರೆ ಅವಳಿಗೆ ಡ್ಯೂಟಿ, ನನಗೆ ಪರೀಕ್ಷೆಯ ಪತ್ರಿಕೆಗಳು, ಭಾಗವತರಿಗೆ ಆಫೀಸಿನ ಕೆಲಸಕ್ಕೆ ಸಿಂಗಾಪುರ. ಕೂಡಿಬರುವಷ್ಟರಲ್ಲಿ ತಿಂಗಳುಗಳೇ ಕಳೆದವು. ಕೊನೆಗೆ ಒಂದು ಭಾನುವಾರ ಮೂವರೂ ಮೆಲಾಕಾಕ್ಕೆ ಹೋದೆವು. ನಾನು, ಭಾಗವತರು, ಮದ್ದಳೆಯ ವಿದ್ಯಾರ್ಥಿ. ಮಗಳು ಹಾಲ್‌ನಲ್ಲಿ ಚಾಪೆ ಹಾಸಿದ್ದಳು. ವಕೀಲರು ಇನ್ನೂ ತೆಳ್ಳಗಾಗಿದ್ದರು. ನಮ್ಮನ್ನು ನೋಡಿ ಕೈಮುಗಿದರು, ಹೊಸಬರಿಗೆ ಮುಗಿಯುವ ಹಾಗೆ. ಮದ್ದಳೆಗೆ ಮೊದಲ ಪೆಟ್ಟು ಬಿದ್ದಾಗ ಮಾತ್ರ ಶಾಲು ಸರಿಮಾಡಿಕೊಂಡು ಚಕ್ಕಳಮಕ್ಕಳ ಕೂತರು.

ಭಾಗವತರು ಪದ್ಯ ಹೇಳಿದರು. ನಾನು ಕಾಗದವಿಲ್ಲದೆ ಎದುರು ಕೂತು ಕೆಣಕಿದೆ, ಅಂದು ಕೆಣಕಬೇಕಿದ್ದ ಹಾಗೆ. “ಏನು ಗವರ್ನರೇ, ನನ್ನ ಬೆಂಚಿನ ಮೇಲೆ ಮಲಗಿದ್ದು ಮರೆತೇ ಹೋಯಿತೇ? ಗುರುಪತ್ನಿ ಹೊದೆಸಿದ ಕಂಬಳಿಯೂ ಇನ್ನು ಸರ್ಕಾರದ್ದೋ?”

ಅವರು ಗಮನವಿಟ್ಟು ಕೇಳಿದರು. ತುಟಿಯಲ್ಲಿ ನಗು ಮೂಡಿತು. ಹಳೆಯ ದನಿಯಲ್ಲೇ, ಬಹಳ ಮರ್ಯಾದೆಯಿಂದ ಹೇಳಿದರು.

“ಈ ಕೇಸಿಗೆ ಒಂದು ವಾಯಿದೆ ಬೇಕು ಸ್ವಾಮೀ. ನನ್ನ ಕಕ್ಷಿದಾರ ಇವತ್ತು ಬಂದಿಲ್ಲ.”

ಪಾತ್ರದೊಳಗಿನ ಚಮತ್ಕಾರವೋ, ಮರೆವೋ, ನನಗೆ ತಿಳಿಯಲಿಲ್ಲ. ಮಗಳ ಮುಖ ನೋಡಿದೆ. ಅವಳಿಗೂ ತಿಳಿದಂತೆ ಕಾಣಲಿಲ್ಲ.

“ವಾಯಿದೆ ಕೊಟ್ಟಿದೆ” ಎಂದೆ.

“ದೊಡ್ಡ ಉಪಕಾರ” ಎಂದು ತಲೆಬಾಗಿಸಿದರು. “ಯಾವ ತಾರೀಕು?”

ಭಾಗವತರು ತಾಳ ಕೆಳಗಿಟ್ಟರು. ವಕೀಲರು ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತ ಕೂತಿದ್ದರು.